ರೂಟರ್ ಭದ್ರತೆಯ ಹೊಣೆ ಗ್ರಾಹಕರ ತಲೆಗೇ ಯಾಕೆ?

ಮಾನ್ಯ ಸಂಪಾದಕರೇ,

ಸೈಬರ್ ವಂಚನೆಯ ಸುದ್ದಿ ಬಂದಾಗಲೆಲ್ಲ ಕೊನೆಗೆ ಒಂದೇ ಬುದ್ಧಿಮಾತು: ಒಟಿಪಿ ಕೊಡಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಬೇಕಾದ ಮಾತೇ, ಬೇಡ ಅನ್ನುತ್ತಿಲ್ಲ. ಆದರೆ ಬ್ಯಾಂಕಿನ ವಿಳಾಸವನ್ನು ಒಂದಕ್ಷರ ತಪ್ಪದೆ ಟೈಪ್ ಮಾಡಿಯೂ ಕಳ್ಳರ ಪುಟಕ್ಕೆ ಹೋಗಿ ಬೀಳುವ ದಾರಿಯೊಂದಿದೆ. ಅದು ಹಾದುಹೋಗುವುದು ನಮ್ಮ ಮನೆಯ ವೈಫೈ ರೂಟರ್ ಮೂಲಕ. ಅದರ ಬಗ್ಗೆ ಯಾರೂ ಬರೆಯುತ್ತಿಲ್ಲ ಅನ್ನುವುದೇ ನನ್ನ ತಕರಾರು.

ಇದಕ್ಕೆ ಕ್ರಾಸ್-ಸೈಟ್ ರಿಕ್ವೆಸ್ಟ್ ಫೋರ್ಜರಿ ಅನ್ನುತ್ತಾರೆ, ಚಿಕ್ಕದಾಗಿ ಸಿಎಸ್‌ಆರ್‌ಎಫ್. ರೂಟರ್ ಸೆಟ್ಟಿಂಗ್ ಬದಲಿಸಲು ಬ್ರೌಸರ್‌ನಲ್ಲಿ 192.168.1.1 ಅಂತ ಹಾಕುತ್ತೇವಲ್ಲ, ಆ ಪುಟ ಸಾಮಾನ್ಯವಾಗಿ ಹೊರಗಿನವರಿಗೆ ಸಿಗುವುದಿಲ್ಲ. ಮನೆಯ ನೆಟ್‌ವರ್ಕ್ ಒಳಗಿದ್ದವರಿಗೆ ಮಾತ್ರ. ಆದರೆ ನಮ್ಮ ಬ್ರೌಸರ್ ಒಳಗೇ ಇದೆ ಅಲ್ವಾ? ಕಳ್ಳ ಒಂದು ವೆಬ್ ಪುಟ ಮಾಡಿ, ಅದರಲ್ಲಿ ಫೋಟೋದ ವಿಳಾಸ ಇರಬೇಕಾದ ಜಾಗದಲ್ಲಿ ರೂಟರ್‌ನ ವಿಳಾಸ ಬರೆದು, ಅದರ ಹಿಂದೆಯೇ ಡಿಎನ್‌ಎಸ್ ಅನ್ನುವ ಸೆಟ್ಟಿಂಗ್ ಬದಲಿಸುವ ಆಜ್ಞೆ ಸೇರಿಸಿಟ್ಟಿರುತ್ತಾನೆ. ನಾವು ಆ ಪುಟ ತೆರೆದರೆ ಸಾಕು, ಫೋಟೋ ತರಲು ಹೊರಟ ಬ್ರೌಸರ್ ಆ ಆಜ್ಞೆಯನ್ನು ರೂಟರ್‌ಗೆ ಮುಟ್ಟಿಸುತ್ತದೆ. ಆಗ ನಾವು ರೂಟರ್‌ಗೆ ಲಾಗಿನ್ ಆಗಿದ್ದರೆ, ಅಥವಾ ಪಾಸ್‌ವರ್ಡ್ ಇನ್ನೂ ಕಂಪನಿ ಕೊಟ್ಟ ಅಡ್ಮಿನ್-ಅಡ್ಮಿನ್ ಆಗಿಯೇ ಇದ್ದರೆ, ದೋಷವಿರುವ ರೂಟರ್ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ನಮಗೆ ಕಾಣುವುದು ಹೆಚ್ಚೆಂದರೆ ತೆರೆಯದ ಒಂದು ಚಿತ್ರ. ಫೋನ್‌ನಲ್ಲಿ ವೈರಸ್ ಹುಡುಕಿದರೆ ಏನೂ ಸಿಗುವುದಿಲ್ಲ, ಯಾಕಂದರೆ ಕೆಟ್ಟಿರುವುದು ಫೋನ್ ಅಲ್ಲ.

ಡಿಎನ್‌ಎಸ್ ಅಂದರೆ ವೆಬ್‌ಸೈಟ್ ಹೆಸರು ಕೊಟ್ಟರೆ ಅದರ ನಂಬರ್ ಹೇಳುವ ಸರ್ವರ್. ಕಳ್ಳನ ಸರ್ವರ್ ಬಂದು ಕೂತರೆ ಮನೆಯ ಫೋನ್, ಲ್ಯಾಪ್‌ಟಾಪ್, ಟಿವಿ ಎಲ್ಲ ಅವನು ತೋರಿಸಿದ ಕಡೆಗೇ ಹೋಗುತ್ತವೆ. ಈಗ ಬ್ಯಾಂಕ್ ಸೈಟ್‌ಗಳೆಲ್ಲ ಎಚ್‌ಟಿಟಿಪಿಎಸ್ ಅನ್ನುವ ಭದ್ರ ಸಂಪರ್ಕದಲ್ಲಿವೆ, ಸೈಟ್ ನಕಲಿಯಾದರೆ ಬ್ರೌಸರ್ ಎಚ್ಚರಿಕೆ ತೋರಿಸುತ್ತದೆ, ನಿಜ. ಅವಸರದಲ್ಲಿ ಅದನ್ನು ಓದದೆ ಮುಂದೆ ಒತ್ತುವವರೂ ಇದ್ದಾರೆ.

ಇದು ಪುಸ್ತಕದ ಬದನೆಕಾಯಿ ಅಲ್ಲ. 2008ರ ಜನವರಿಯಲ್ಲಿ ಮೆಕ್ಸಿಕೋದಲ್ಲಿ ಇಂಥ ದಾಳಿ ನಡೆದದ್ದನ್ನು ಸಿಮ್ಯಾಂಟೆಕ್ ಕಂಪನಿ ಬಯಲಿಗೆ ತಂದಿತು. ಜನರಿಗೆ ಬಂದದ್ದು ಶುಭಾಶಯ ಪತ್ರದ ಒಂದು ಇಮೇಲ್, ಅಷ್ಟೇ. ಅದರೊಳಗಿದ್ದ ಚಿತ್ರದ ಕೋಡ್ ಟೂವೈರ್ ಕಂಪನಿಯ ರೂಟರ್‌ಗಳ ಸೆಟ್ಟಿಂಗ್ ಬದಲಿಸಿ, ಅಲ್ಲಿನ ದೊಡ್ಡ ಬ್ಯಾಂಕೊಂದರ ಗ್ರಾಹಕರನ್ನು ನಕಲಿ ಸೈಟ್‌ಗೆ ಕಳಿಸುತ್ತಿತ್ತು. ಆ ರೂಟರ್‌ಗಳಲ್ಲಿ ಪಾಸ್‌ವರ್ಡ್ ಕೂಡ ಬೇಕಾಗಲಿಲ್ಲ, ಅಷ್ಟು ದೊಡ್ಡ ದೋಷ. ಆಮೇಲೆ ಬ್ರೆಜಿಲ್‌ನಲ್ಲಿ ಸುಮಾರು 45 ಲಕ್ಷ ಮೋಡೆಮ್‌ಗಳ ಡಿಎನ್‌ಎಸ್ ಬದಲಾಗಿದ್ದನ್ನು ಕ್ಯಾಸ್ಪರ್‌ಸ್ಕಿ ತಜ್ಞರು 2012ರಲ್ಲಿ ವಿವರಿಸಿದರು. 2014ರಲ್ಲಿ ಟೀಮ್ ಸಿಮ್ರು ಸಂಸ್ಥೆ ಡಿಎನ್‌ಎಸ್ ಬದಲಾಗಿದ್ದ ಸುಮಾರು 3 ಲಕ್ಷ ರೂಟರ್‌ಗಳನ್ನು ಪತ್ತೆ ಹಚ್ಚಿತು, ಅವು ಜಾಸ್ತಿ ಇದ್ದ ದೇಶಗಳಲ್ಲಿ ಭಾರತವೂ ಒಂದು. ನಮ್ಮಲ್ಲೇ 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಕರ್ನಾಟಕ ವಲಯದ ಸುಮಾರು 60,000 ಮೋಡೆಮ್‌ಗಳಿಗೆ ಮಾಲ್‌ವೇರ್ ತಗುಲಿದ್ದು ಓದುಗರಿಗೆ ನೆನಪಿರಬಹುದು. ಆ ದಾಳಿಯ ಬಗೆ ಬೇರೆ. ಆದರೆ ಅಲ್ಲಿಯೂ ಸಿಕ್ಕಿಬಿದ್ದದ್ದು ಬದಲಿಸದೆ ಬಿಟ್ಟ ಪಾಸ್‌ವರ್ಡ್ ಇದ್ದ ಮೋಡೆಮ್‌ಗಳೇ.

ಹೊಸ ಕನೆಕ್ಷನ್ ಕೊಡಲು ಬರುವ ಹುಡುಗ ವೈರ್ ಎಳೆದು, ಡಬ್ಬಿ ಗೋಡೆಗೆ ಹೊಡೆದು, ವೈಫೈ ಪಾಸ್‌ವರ್ಡಾಗಿ ಮನೆಯವರ ಮೊಬೈಲ್ ನಂಬರನ್ನೇ ಹಾಕಿ, ಸ್ಪೀಡ್ ತೋರಿಸಿ ಹೊರಡುತ್ತಾನೆ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬೇರೆಯೇ ಇದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅವನ ತಪ್ಪಲ್ಲ, ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅಂತ ಅವನಿಗೂ ಒತ್ತಡ. ಕಂಪನಿ ಅವನಿಗೆ ಅದನ್ನು ಕಲಿಸಿಯೇ ಇರುವುದಿಲ್ಲ. ಎಪ್ಪತ್ತು ವರ್ಷದ ಅಜ್ಜಿ ತಾನೇ 192.168.1.1ಕ್ಕೆ ಹೋಗಿ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಳ್ಳಲಿ ಅಂತ ಬಯಸುವುದು ನ್ಯಾಯವೇ?

ಪರಿಹಾರ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಸೆಟ್ಟಿಂಗ್ ಬದಲಿಸುವ ಪ್ರತಿ ಪುಟದಲ್ಲೂ ಊಹಿಸಲಾಗದ ಒಂದು ಗುಪ್ತ ಸಂಖ್ಯೆ, ಅಂದರೆ ಟೋಕನ್ ಇಟ್ಟು, ಅದಿಲ್ಲದ ಆಜ್ಞೆಯನ್ನು ತಿರಸ್ಕರಿಸಬೇಕು. ಬ್ಯಾಂಕ್ ಸೈಟ್ ಕಟ್ಟುವವರಿಗೆ ಇದು ದಿನನಿತ್ಯದ ಕೆಲಸ, ರೂಟರ್ ಮಾಡುವವರಿಗೆ ಯಾಕೆ ಆಗುವುದಿಲ್ಲ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರಿಂದ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದನ್ನು ಕಾನೂನೇ ತಡೆಯುತ್ತದೆ. ದೂರಸಂಪರ್ಕ ಉಪಕರಣಗಳ ಭದ್ರತಾ ಮಾನದಂಡ ರೂಪಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಯಾವ ಮಾಡೆಲ್ ಪರೀಕ್ಷೆ ಪಾಸಾಗಿದೆ ಅನ್ನುವುದು ಅಂಗಡಿಯಲ್ಲಿ ಡಬ್ಬಿಯ ಮೇಲೇ, ಕನ್ನಡದಲ್ಲೂ, ಜನರಿಗೆ ಕಾಣುವಂತಾಗಲಿ.

ಅಲ್ಲಿಯವರೆಗೆ ಓದುಗರು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಕೆಲಸ ಮುಗಿದ ಮೇಲೆ ರೂಟರ್ ಪುಟದಿಂದ ಲಾಗ್‌ಔಟ್ ಆಗಿ. ಬರದಿದ್ದರೆ ನೆಟ್ ಕನೆಕ್ಷನ್ ಕೊಟ್ಟವರನ್ನೇ ಕರೆಸಿ ಮಾಡಿಸಿಕೊಳ್ಳಿ, ಸಂಕೋಚ ಬೇಡ. ಅಪ್‌ಡೇಟ್ ನಿಂತುಹೋದ ಹಳೇ ರೂಟರ್‌ಗಳನ್ನು ಕಂಪನಿಗಳು ತಮ್ಮ ಖರ್ಚಿನಲ್ಲೇ ಬದಲಿಸಿಕೊಡಬೇಕು. ಬಹಳ ಕಡೆ ಅವು ಅವರೇ ಕೊಟ್ಟ ಡಬ್ಬಿಗಳು, ತಿಂಗಳು ತಿಂಗಳು ನಾವು ದುಡ್ಡು ಕಟ್ಟುತ್ತಿರುವುದೂ ಅವರಿಗೇ.

ಇಂತಿ,
ನಿಮ್ಮ ಓದುಗ, ದಾವಣಗೆರೆ