ಖರ್ಚಿನ ಜೊತೆಗೆ ಗಾಳಿಯ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಸ್ಥಳೀಯ ಸಂಸ್ಥೆಗಳ ಬಜೆಟ್ ಮಂಡನೆಯಾದಾಗಲೆಲ್ಲ ಪರಿಸರಕ್ಕೆ ಎಷ್ಟು ಹಣ ತೆಗೆದಿರಿಸಲಾಗಿದೆ ಎಂಬುದು ಸುದ್ದಿಯಾಗುತ್ತದೆ. ವರ್ಷ ಕಳೆದ ಮೇಲೆ ಆ ಹಣದಿಂದ ಗಾಳಿ ಎಷ್ಟು ತಿಳಿಯಾಯಿತು ಎಂಬ ಸುದ್ದಿ ಮಾತ್ರ ಬರುವುದೇ ಇಲ್ಲ. ಖರ್ಚಿಗೆ ಬಿಲ್ಲು ಇರುತ್ತದೆ, ಲೆಕ್ಕ ಪರಿಶೋಧನೆ ಇರುತ್ತದೆ. ಜನ ಉಸಿರಾಡುವ ಗಾಳಿಯಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಉತ್ತರ ಹೇಳಬೇಕಾದ ಹೊಣೆ ಯಾರದೂ ಅಲ್ಲ. ಪರಿಸರಕ್ಕೆ ಇನ್ನಷ್ಟು ಅನುದಾನ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಈ ಹೊಣೆಯನ್ನು ಗೊತ್ತುಪಡಿಸದೆ ಅನುದಾನವನ್ನಷ್ಟೇ ಹೆಚ್ಚಿಸುತ್ತ ಹೋದರೆ ಗಾಳಿ ಇದ್ದಲ್ಲೇ ಇರುತ್ತದೆ.

ಪರಿಸರ ಎಂಬ ಶೀರ್ಷಿಕೆಯಡಿ ಏನೆಲ್ಲ ಬರುತ್ತದೆ ನೋಡಿ. ಉದ್ಯಾನ, ಕೆರೆಯ ಬೇಲಿ, ಚರಂಡಿ, ಸಸಿ ನೆಡುವುದು. ಯಾವುದನ್ನೂ ಬೇಡವೆನ್ನಲಾಗದು, ಆದರೆ ಅವು ಗಾಳಿಗಾಗಿ ಮಾಡಿದ ಖರ್ಚಲ್ಲ. ಮರ ನೆರಳು ಕೊಡುತ್ತದೆ, ಎಲೆಗಳ ಮೇಲೆ ಒಂದಿಷ್ಟು ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಸಾಲುಗಟ್ಟಿ ನಿಂತ ವಾಹನಗಳ ಹೊಗೆಯನ್ನು ಅದು ನೀಗಲಾರದು.

ಭಾರತದಲ್ಲಿ 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಅನುಭವವನ್ನೇ ತೆಗೆದುಕೊಳ್ಳಿ. ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಮಾಡಿದ ಪರಿಶೀಲನೆಯ ಪ್ರಕಾರ, ಈ ಬಾಬ್ತಿನಲ್ಲಿ ನಗರಗಳಿಗೆ ದೊರೆತ ಹಣದ ಶೇ 64ರಷ್ಟು ಹೋದದ್ದು ರಸ್ತೆ ದೂಳಿನ ನಿಯಂತ್ರಣಕ್ಕೆ. ಕೈಗಾರಿಕೆಗಳ ಮಾಲಿನ್ಯಕ್ಕೆ ಸಿಕ್ಕಿದ್ದು ಶೇ 1ಕ್ಕಿಂತಲೂ ಕಡಿಮೆ. ರಸ್ತೆ ಗುಡಿಸುವ ಯಂತ್ರ ಟೆಂಡರ್ ಕರೆದರೆ ಬಂದುಬಿಡುತ್ತದೆ, ಹಸಿರು ನಿಶಾನೆ ತೋರಿಸಿ ರಸ್ತೆಗಿಳಿಸಬಹುದು. ಹೊಗೆಯುಗುಳುವ ಕುಲುಮೆಯ ಮಾಲೀಕನನ್ನು ಕರೆಸಿ ಇಂಧನ ಬದಲಿಸುವಂತೆ ಮಾಡುವುದು ಅಷ್ಟು ಸಲೀಸಲ್ಲ.

ಕಣ್ಣಿಗೆ ಕಾಣುವ ದೂಳಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. ಪಿಎಂ 2.5 ಎಂದರೆ 2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣ. ಇದು ಬಹುಪಾಲು ಏನನ್ನಾದರೂ ಉರಿಸುವುದರಿಂದ ಹುಟ್ಟುತ್ತದೆ: ಡೀಸೆಲ್, ಕಲ್ಲಿದ್ದಲು, ಸೌದೆ, ಕಸ. ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರುತ್ತದೆ. ಹೊರಾಂಗಣ ವಾಯುಮಾಲಿನ್ಯದಿಂದ 2019ರಲ್ಲಿ ಜಗತ್ತಿನಾದ್ಯಂತ 42 ಲಕ್ಷ ಜನ ಅಕಾಲಿಕವಾಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಈ ಕಣಗಳ ಮೇಲೆ ಗುಡಿಸುವ ಯಂತ್ರಕ್ಕಾಗಲಿ, ನೀರು ಚಿಮ್ಮಿಸುವ ಫಿರಂಗಿಗಾಗಲಿ ಹೇಳಿಕೊಳ್ಳುವಂಥ ಹಿಡಿತವಿಲ್ಲ.

ದೂಳಿನ ಕೆಲಸವಾದರೂ ನೆಟ್ಟಗೆ ನಡೆಯುತ್ತಿದೆಯೇ? ಡಾಂಬರು ಮುಗಿದು ಪಾದಚಾರಿ ಮಾರ್ಗ ಶುರುವಾಗುವ ನಡುವಿನ ಮಣ್ಣಿನ ಪಟ್ಟಿಯನ್ನು ಗಮನಿಸಿ. ಬಸ್ಸು ಬದಿಗೆ ಸರಿದಾಗ ಚಕ್ರ ಅಲ್ಲಿಗಿಳಿಯುತ್ತದೆ, ಮಣ್ಣು ಡಾಂಬರಿನ ಮೇಲೆ ಬಂದು ಬೀಳುತ್ತದೆ, ಹಿಂದೆ ಬರುವ ವಾಹನಗಳು ಅದನ್ನು ಅರೆದು ಪುಡಿ ಮಾಡಿ ಎಬ್ಬಿಸುತ್ತವೆ. ರಾತ್ರಿ ಯಂತ್ರ ಬಂದು ಗುಡಿಸುತ್ತದೆ, ಬೆಳಗಾದರೆ ಮತ್ತೆ ಅದೇ ಕಥೆ. ನೀರು ಚಿಮುಕಿಸಿದರೆ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಆರಿಹೋಗುತ್ತದೆ. ಆ ಪಟ್ಟಿಗೆ ಒಮ್ಮೆ ಕಲ್ಲು ಹಾಸಿದರೆ ಅಥವಾ ಹುಲ್ಲು ಬೆಳೆಸಿದರೆ ದೂಳಿನ ಮೂಲವೇ ಇಲ್ಲವಾಗುತ್ತದೆ. ಗುತ್ತಿಗೆಯ ಬಾಡಿಗೆಗೆ ವರ್ಷ ವರ್ಷ ಸುರಿಯುವ ಹಣದಲ್ಲಿ ಒಂದು ಭಾಗವನ್ನಾದರೂ ಈ ಕೆಲಸಕ್ಕೆ ತಿರುಗಿಸಲು ಏನು ಅಡ್ಡಿ?

ಹಣ ಸರಿಯಾದ ಜಾಗಕ್ಕೆ ಹೋದರೆ ಗಾಳಿ ಸುಧಾರಿಸುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಒಳ್ಳೆಯ ಸಾಕ್ಷ್ಯವಿದೆ. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಮೇಲೆ ಐದು ದಿನ ಕವಿದ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1956ರ ಶುದ್ಧ ಗಾಳಿ ಕಾಯ್ದೆ, ಹೊಗೆ ನಿಯಂತ್ರಣ ವಲಯಗಳನ್ನು ಘೋಷಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ನೀಡಿತು. ಕಲ್ಲಿದ್ದಲಿನ ಹೊಗೆ ಏಳುತ್ತಿದ್ದದ್ದು ಮನೆಗಳ ಅಗ್ಗಿಷ್ಟಿಕೆಗಳಿಂದಲೂ ಆದ್ದರಿಂದ, ಅವುಗಳನ್ನು ಬದಲಿಸುವ ವೆಚ್ಚದ ಹತ್ತರಲ್ಲಿ ಏಳು ಪಾಲನ್ನು ಮನೆಯವರಿಗೆ ಮರಳಿಸುವ ವ್ಯವಸ್ಥೆಯನ್ನೂ ಅದರಲ್ಲೇ ಮಾಡಲಾಯಿತು. ಬರೀ ನಿಷೇಧ ಹೇರಿದ್ದರೆ ಬಡವರು ಚಳಿಯಲ್ಲಿ ನಡುಗಬೇಕಿತ್ತು, ಇಲ್ಲವೇ ಕದ್ದುಮುಚ್ಚಿ ಉರಿಸಬೇಕಿತ್ತು. ಪೋಲೆಂಡಿನ ಕ್ರಾಕೋವ್ ಕೂಡ ಹಳೆಯ ಒಲೆಗಳ ಬದಲಾವಣೆಗೆ ವರ್ಷಗಟ್ಟಲೆ ಸಹಾಯಧನ ಕೊಟ್ಟ ಮೇಲೆಯೇ 2019ರ ಸೆಪ್ಟೆಂಬರ್‌ನಿಂದ ಕಲ್ಲಿದ್ದಲು ಮತ್ತು ಸೌದೆ ಉರಿಸುವುದನ್ನು ನಿಷೇಧಿಸಿತು.

ಬೀಜಿಂಗ್‌ನ ಅಂಕಿಗಳು ಇನ್ನೂ ಸ್ಪಷ್ಟ. ವಾಯುಮಾಲಿನ್ಯ ತಡೆಗೆ ಆ ನಗರದ ಬಜೆಟ್ 2013ರಲ್ಲಿ ಸುಮಾರು 300 ಕೋಟಿ ಯುವಾನ್ ಇದ್ದದ್ದು 2017ರಲ್ಲಿ 1,800 ಕೋಟಿ ದಾಟಿತು. ಅದೇ ಅವಧಿಯಲ್ಲಿ ಪಿಎಂ 2.5ರ ವಾರ್ಷಿಕ ಸರಾಸರಿ ಘನ ಮೀಟರಿಗೆ 89.5 ಮೈಕ್ರೊಗ್ರಾಂನಿಂದ 58ಕ್ಕೆ ಇಳಿಯಿತು, 2021ರಲ್ಲಿ 33ಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಆಗಿರುವುದರಿಂದ ಹಾದಿ ಇನ್ನೂ ಬಹಳವಿದೆ, ನಿಜ. ಆದರೂ ಈ ಇಳಿಕೆ ಸಣ್ಣದಲ್ಲ. ಅಲ್ಲಿ ಕಲ್ಲಿದ್ದಲಿನ ಬಾಯ್ಲರ್‌ಗಳನ್ನು ತೆಗೆದರು, ಮನೆಗಳಿಗೆ ಅನಿಲ ಮತ್ತು ವಿದ್ಯುತ್ ಒದಗಿಸಿದರು, ಹಳೆಯ ವಾಹನಗಳನ್ನು ಗುಜರಿಗೆ ಕಳುಹಿಸಿದರು. ಸುತ್ತಲಿನ ಪ್ರಾಂತ್ಯಗಳನ್ನೂ ಜೊತೆಗೆ ಸೇರಿಸಿಕೊಂಡದ್ದು ಮುಖ್ಯ, ಏಕೆಂದರೆ ಗಾಳಿಗೆ ನಗರದ ಎಲ್ಲೆ ಗೊತ್ತಿಲ್ಲ. ಒಂದು ಊರಿನವರು ಖರ್ಚು ಮಾಡಿದ್ದರ ಲಾಭ ಪಕ್ಕದೂರಿಗೂ ಹೋಗುವುದರಿಂದ, ಅವರು ಮಾಡಲಿ ಎಂದು ಇವರು, ಇವರು ಮಾಡಲಿ ಎಂದು ಅವರು ಕಾಯುತ್ತ ಕೂರುತ್ತಾರೆ. ಅಕ್ಕಪಕ್ಕದ ಸಂಸ್ಥೆಗಳಿಗೆ ಜಂಟಿಯಾಗಿ ಅನುದಾನ ಕೊಟ್ಟರೆ ಈ ಕಾಯುವಿಕೆ ತಪ್ಪುತ್ತದೆ.

ಅಂಕಿಗಳ ಬಗ್ಗೆ ಎಚ್ಚರವೂ ಬೇಕು. ಚೀನಾದ ಷಿಆನ್‌ನಲ್ಲಿ 2016ರಲ್ಲಿ ಪರಿಸರ ಅಧಿಕಾರಿಗಳೇ ಮಾಪನ ಯಂತ್ರದ ಗಾಳಿಕಿಂಡಿಗೆ ಹತ್ತಿಯ ನೂಲು ತುರುಕಿ ಸಿಕ್ಕಿಬಿದ್ದರು, ಅವರಿಗೆ ಶಿಕ್ಷೆಯೂ ಆಯಿತು. ಖರ್ಚು ಮಾಡುವವರ ಕೈಯಲ್ಲಿಯೇ ಮಾಪನ ಇರಬಾರದು. ಮಳೆ ಚೆನ್ನಾಗಿ ಬಂದ ವರ್ಷ ಗಾಳಿ ತಾನಾಗಿಯೇ ತೊಳೆದುಹೋಗುತ್ತದೆ, ಅದನ್ನು ಆಡಳಿತದ ಸಾಧನೆ ಎಂದು ಬರೆದುಕೊಳ್ಳಲೂಬಾರದು. ಹಲವು ವರ್ಷಗಳ ಅದೇ ತಿಂಗಳುಗಳನ್ನು ಹೋಲಿಸಿ, ಹವಾಮಾನದ ಪಾಲನ್ನು ಕಳೆದು ನೋಡಿದಾಗಲೇ ಖರ್ಚಿನ ಫಲ ಎಷ್ಟೆಂದು ತಿಳಿಯುವುದು.

ವಾಹನ, ಕೈಗಾರಿಕೆಗಳ ವಿಷಯದಲ್ಲಿ ನಮಗೆ ಅಧಿಕಾರವಿಲ್ಲ ಎಂದು ಸ್ಥಳೀಯ ಸಂಸ್ಥೆಗಳು ಹೇಳಬಹುದು. ಕಸ ಸುಡುವುದರ ಬಗ್ಗೆ ಹಾಗೆ ಹೇಳಲಾಗದು, ಅದು ಪೂರ್ತಿ ಅವರದೇ ಕೆಲಸ. ಕಸದ ಗಾಡಿ ದಿನವೂ ಬಂದರೆ ಯಾರೂ ಬೀದಿ ಬದಿಯಲ್ಲಿ ಬೆಂಕಿ ಹಚ್ಚುವುದಿಲ್ಲ. ಗುಡಿಸಿದ ಎಲೆ, ಪ್ಲಾಸ್ಟಿಕ್ಕನ್ನು ಸಾಗಿಸಲು ಗಾಡಿ ಕೊಡದೆ, ಅದಕ್ಕೆ ಕಡ್ಡಿ ಗೀರಿದ ಪೌರಕಾರ್ಮಿಕರಿಗೆ ದಂಡ ಹಾಕುವುದು ಅನ್ಯಾಯ. ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವರು ಅವರೇ. ಗಾಳಿಯ ಹೆಸರಿನ ಹಣದಲ್ಲಿ ಮೊದಲ ಪಾಲು ಕಸ ಸಾಗಣೆಗೆ ಮತ್ತು ಸುರಿದಾಣಗಳಲ್ಲಿ ಬೆಂಕಿ ಏಳದಂತೆ ಹಸಿ ಕಸವನ್ನು ಬೇರ್ಪಡಿಸಿ ಗೊಬ್ಬರ ಮಾಡುವುದಕ್ಕೆ ಸಲ್ಲಬೇಕು.

ಕೊನೆಯದಾಗಿ, ಪತ್ರಿಕೆಯವರಾದ ತಮ್ಮಲ್ಲಿಯೂ ಒಂದು ವಿನಂತಿ. ಮುಂದಿನ ಬಜೆಟ್ ವರದಿಯಲ್ಲಿ ಪರಿಸರಕ್ಕೆ ಮೀಸಲಿಟ್ಟ ಹಣದ ಪಕ್ಕದಲ್ಲೇ, ಹಿಂದಿನ ವರ್ಷ ಅದು ಯಾವ ಬಾಬ್ತಿಗೆ ಹೋಯಿತು ಮತ್ತು ಪಿಎಂ 2.5ರ ವಾರ್ಷಿಕ ಸರಾಸರಿ ಎಷ್ಟಿತ್ತು ಎಂಬ ಎರಡು ಅಂಕಿಗಳನ್ನೂ ಮುದ್ರಿಸಿ. ಅಂಕಿ ಕೊಡಲು ನಿರಾಕರಿಸಿದರೆ, ನಿರಾಕರಿಸಿದರೆಂದೇ ಮುದ್ರಿಸಿ.

ಇಂತಿ,
ಒಬ್ಬ ಓದುಗ