ಸನ್ಮಾನ ಮುಗಿಯುವವರೆಗೆ ಅನ್ನ ಕಾಯುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಡಿಸೆಂಬರ್‌ನಲ್ಲಿ ಮುಂಬಯಿಯ ಪಶ್ಚಿಮ ಉಪನಗರದ ಸಭಾಗೃಹವೊಂದರಲ್ಲಿ ನಮ್ಮ ಸಂಘದ ವಾರ್ಷಿಕೋತ್ಸವ ನಡೆಯಿತು. ವೇದಿಕೆಯ ಫೋಟೊ ಸಹಿತ ವರದಿ ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಆ ವರದಿಯಲ್ಲಿ ಇಲ್ಲದ ಒಂದು ಸಂಗತಿಯನ್ನು ತಿಳಿಸಲು ಈ ಪತ್ರ. ಅಂದು ಸಂಜೆಯಿಂದ ಮರುದಿನ ಬೆಳಗಾಗುವುದರೊಳಗೆ ಅಲ್ಲಿ ಉಂಡವರಲ್ಲಿ ಕನಿಷ್ಠ 37 ಮಂದಿ ವಾಂತಿ ಮಾಡಿಕೊಂಡು ಮಲಗಿದ್ದರು. ಊಟದ ಜವಾಬ್ದಾರಿ ನನ್ನದಾಗಿತ್ತು. ಸಂಘದ ಹೆಸರನ್ನಾಗಲಿ ಅಡುಗೆಯವರ ಹೆಸರನ್ನಾಗಲಿ ಬರೆಯುವುದಿಲ್ಲ. ಬರೆದರೆ ಜಗಳವೆಲ್ಲ ಹೆಸರಿಗೆ ಸುತ್ತಿಕೊಂಡು ಅನ್ನದ ಮಾತು ಹಿಂದೆ ಬೀಳುತ್ತದೆ.

ನಾನು ಹೋಟೆಲಿನವನು. 1969ರಲ್ಲಿ ಕುಂದಾಪುರದ ಕಡೆಯಿಂದ ಹದಿಮೂರನೆಯ ವಯಸ್ಸಿಗೆ ಬಂದು, ಮಾಟುಂಗದ ಉಡುಪಿ ಹೋಟೆಲೊಂದರ ಮೋರಿಯಲ್ಲಿ ಕಪ್‌ಬಸಿ ತೊಳೆಯುವುದರಿಂದ ಶುರು ಮಾಡಿದೆ. ಹಗಲು ಮೋರಿ, ಸಂಜೆ ರಾತ್ರಿಶಾಲೆ. ಆಮೇಲೆ ಟೇಬಲ್, ಆಮೇಲೆ ಗಲ್ಲಾ, ಕಡೆಗೆ ಮ್ಯಾನೇಜರಿಕೆ. ನಮ್ಮ ಮಾಲಕರಿಗೆ ಸೂಕ್ಷ್ಮಾಣು ಎಂಬ ಪದ ಗೊತ್ತಿತ್ತೋ ಇಲ್ಲವೋ, ಅವರ ನೇಮಗಳು ಮಾತ್ರ ಗೋಡೆಯಂತಿದ್ದವು. ರಾತ್ರಿಯ ಚಟ್ನಿ ಬೆಳಗ್ಗೆ ಕಾಣಬಾರದು. ಬೆರಳಿಗೆ ಗಾಯವಾದವನು ಹಿಟ್ಟಿನ ಹತ್ತಿರ ಸುಳಿಯಬಾರದು. ಒಮ್ಮೆ ತೆಂಗಿನಕಾಯಿ ತುರಿಯುವಾಗ ನನ್ನ ಹೆಬ್ಬೆರಳು ಕೊಯ್ದು, ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ನಿಂತಿದ್ದೆ. ಅವರು ಆ ಕೈಯನ್ನು ಎತ್ತಿ ಹಿಡಿದು ಇಡೀ ಅಡುಗೆಮನೆಗೆ ತೋರಿಸಿ, ನಾಲ್ಕು ದಿನ ಗಲ್ಲಾದ ಪಕ್ಕದಲ್ಲಿ ಬಿಲ್ಲು ಜೋಡಿಸಲು ಕೂರಿಸಿದರು. ಅವಮಾನವೆಂದು ಅತ್ತಿದ್ದೆ. ಹುಣ್ಣಾದ ಗಾಯದಲ್ಲಿರುವ ಸ್ಟೆಫಿಲೊಕಾಕಸ್ ಎಂಬ ಸೂಕ್ಷ್ಮಾಣು ಆಹಾರಕ್ಕೆ ಸೇರಿದರೆ ವಿಷ ಮಾಡುತ್ತದೆ, ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ ಎಂಬುದನ್ನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ.

ಇಷ್ಟೆಲ್ಲ ಬಲ್ಲವನೆಂದೇ ಸಂಘದವರು ಊಟವನ್ನು ನನಗೆ ಒಪ್ಪಿಸಿದ್ದರು. ಊಟ 220 ಜನಕ್ಕೆ. ಅಡುಗೆಯವರ ಕೋಣೆ ಥಾಣೆಯಾಚೆ. ಬೆಳಗ್ಗೆ ಆರೂವರೆಗೆ ಅನ್ನ ಬಸಿದಾಗಿತ್ತು. ಮೊಸರನ್ನವನ್ನೂ ಅಲ್ಲಿಯೇ ಕಲಸಿ ಎರಡು ದೊಡ್ಡ ಸ್ಟೀಲ್ ಪಾತ್ರೆಗಳಲ್ಲಿ ತುಂಬಿ ಮುಚ್ಚಳ ಬಿಗಿದಿದ್ದರು. ಟೆಂಪೊ ಎಂಟಕ್ಕೆ ಹೊರಟಿತು. ಘೋಡ್‌ಬಂದರ್ ರಸ್ತೆಯಲ್ಲಿ ಸಿಕ್ಕಿಕೊಂಡು ಹತ್ತೂಕಾಲಕ್ಕೆ ತಲುಪಿತು. ಆಮಂತ್ರಣ ಪತ್ರಿಕೆಯಲ್ಲಿ ಊಟಕ್ಕೆ ಕೊಟ್ಟ ಸಮಯ ಹನ್ನೆರಡೂವರೆ. ಅಂದು ಸನ್ಮಾನಿತರು 16 ಮಂದಿ. ಒಬ್ಬೊಬ್ಬರಿಗೂ ಶಾಲು, ಹಾರ, ಪೇಟ, ಫಲಕ, ಹಣ್ಣಿನ ಬುಟ್ಟಿ, ಪರಿಚಯದ ಎರಡು ಮಾತು, ಅದಕ್ಕೆ ಉತ್ತರವಾಗಿ ಅವರ ನಾಲ್ಕು ಮಾತು. ಎಲೆ ಹಾಕಿದಾಗ ಮೂರು ಗಂಟೆ ಹತ್ತು ನಿಮಿಷ.

ಈಗ ತಪ್ಪೊಪ್ಪಿಗೆ. ಒಂದೂವರೆಯ ಸುಮಾರಿಗೆ ನಾನು ಹಿಂದಿನ ಕೋಣೆಗೆ ಹೋಗಿ ಮೊಸರನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡಿದ್ದೆ. ಒಗ್ಗರಣೆಯ ಘಮ, ಮೇಲೆ ದಾಳಿಂಬೆ ಕಾಳು, ನೋಡಲು ಚೆಂದವೇ. ಪಾತ್ರೆಯ ಹೊಟ್ಟೆಗೆ ಅಂಗೈ ಹಿಂಬದಿ ತಾಗಿಸಿದೆ. ಉಗುರುಬೆಚ್ಚಗಿತ್ತು. ಮೊಸರನ್ನ ಉಗುರುಬೆಚ್ಚಗಿದೆ ಎಂದರೆ ಬಿಸಿ ಅನ್ನಕ್ಕೇ ಮೊಸರು ಹಾಕಿ ಮುಚ್ಚಿದ್ದಾರೆ ಎಂದರ್ಥ. ಹೋಟೆಲಿನಲ್ಲಿದ್ದಿದ್ದರೆ ಆ ಕ್ಷಣವೇ ಚೆಲ್ಲಿಸುತ್ತಿದ್ದೆ. ಅಲ್ಲಿ ವೇದಿಕೆಯ ಮೇಲೆ ಮುಖ್ಯ ಅತಿಥಿಗಳು ಮಾತಾಡುತ್ತಿದ್ದರು. ಪದಾಧಿಕಾರಿಗಳ ಮುಖ ನೆನಪಾಯಿತು. 220 ಎಲೆಗೆ ಬೇರೆ ಎಲ್ಲಿಂದ ತರುವುದು ಎನ್ನಿಸಿತು. ಮುಚ್ಚಳ ಮತ್ತೆ ಮುಚ್ಚಿದೆ.

ಮೊದಲ ಫೋನ್ ಬಂದದ್ದು ಐದು ನಲವತ್ತಕ್ಕೆ, ಇನ್ನೂ ಮನೆ ಸೇರದ ಒಬ್ಬ ಹೆಣ್ಣುಮಗಳದು, ದಾದರ್ ಸ್ಟೇಷನ್ನಿನ ಬೆಂಚಿನಿಂದ.

ಮುಂದಿನ ಮೂರು ದಿನ ಕೂಪನ್ ಪುಸ್ತಕ ಎದುರಿಗಿಟ್ಟುಕೊಂಡು ಫೋನ್ ಮಾಡಿದೆ. ಸಿಕ್ಕವರು 112 ಮಂದಿ; ಹುಷಾರು ತಪ್ಪಿದವರು 37. ಅವರಲ್ಲಿ 34 ಮಂದಿ ಮೊಸರನ್ನ ಉಂಡವರು. ಹುಳಿಯನ್ನದವರೆಗೆ ಉಂಡು ರೈಲು ತಪ್ಪೀತೆಂದು ಎದ್ದವರಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಎರಡು ಮೂರು ಗಂಟೆಯೊಳಗೆ ವಾಂತಿ ಶುರುವಾಯಿತೆಂದರೆ ಅದು ಆಹಾರದಲ್ಲಿ ಮೊದಲೇ ತಯಾರಾಗಿದ್ದ ವಿಷದ ಲಕ್ಷಣ ಎಂದರು ನಮ್ಮ ಓಣಿಯ ಡಾಕ್ಟರು. ಅಕ್ಕಿಯ ಜೊತೆಗೇ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿದೆ. ಅದರ ಬೀಜಾಣುಗಳು ಅನ್ನ ಬೇಯುವ ಬಿಸಿಗೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತಷ್ಟು ಹೊತ್ತು ಚಿಗುರಿ ಬೆಳೆದು ವಿಷ ಮಾಡುತ್ತವೆ. 60 ಡಿಗ್ರಿಗಿಂತ ಮೇಲೆ ಇಡಬೇಕು, ಇಲ್ಲವೇ 5ಕ್ಕಿಂತ ಕೆಳಗೆ ಇಳಿಸಬೇಕು. ನಡುವಿನದೆಲ್ಲ ಅದರ ಸಾಮ್ರಾಜ್ಯ. ಅಂದು ನಮ್ಮ ಪಾತ್ರೆಯಲ್ಲಿದ್ದದ್ದು ಅದೋ, ಕಲಸಿದವನ ಬೆರಳಿನದೋ ಇನ್ನು ತಿಳಿಯುವ ಹಾಗಿಲ್ಲ. ಉಳಿದ ಅನ್ನವನ್ನು ನಾಲ್ಕೂವರೆಗೇ ಚೆಲ್ಲಿ ಪಾತ್ರೆ ಉಜ್ಜಿಯಾಗಿತ್ತು.

ಆಮೇಲೆ ಅರುವತ್ತೊಂಬತ್ತರ ಈ ಪ್ರಾಯದಲ್ಲಿ ನಾನೊಂದು ಪ್ರಯೋಗ ಮಾಡಿದೆ. ಅಡುಗೆಗೆ ಚುಚ್ಚಿ ನೋಡುವ ತಾಪಮಾಪಕ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎರಡು ಕಿಲೊ ಅಕ್ಕಿಯ ಅನ್ನ ಮಾಡಿ, ಸ್ಟೀಲ್ ಪಾತ್ರೆಯಲ್ಲಿ ಅದುಮಿ ಮುಚ್ಚಿಟ್ಟೆ. ಐದು ಗಂಟೆಯ ನಂತರ ಅಂಚಿನಲ್ಲಿ 38 ಡಿಗ್ರಿ, ನಡುವೆ 46. ಅದೇ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿದ್ದರೆ ಅರ್ಧ ಗಂಟೆಯಲ್ಲಿ ಆರಿಸಿ ಫ್ರಿಜ್ಜಿಗೆ ಸೇರಿಸಬಹುದಿತ್ತು. ಊರಿನ ಮದುವೆಗಳಲ್ಲಿ ಅನ್ನ ಬಸಿದು ಚಾಪೆಯ ಮೇಲೆ ಸುರಿದು ಹರಡುತ್ತಿದ್ದದ್ದು ನೆನಪಾಯಿತು. ಅಲ್ಲಿ ಅಡುಗೆ ಚಪ್ಪರದ ಹಿಂದೆಯೇ, ಬಸಿದ ಅನ್ನ ಗಂಟೆಯೊಳಗೆ ಎಲೆಗೆ. ಎರಡು ಕಿಲೊ ಅನ್ನವನ್ನು ಯಾರು ತಿನ್ನಬೇಕು ಎಂದು ನನ್ನ ಮನೆಯವಳು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ಕಾಯಿಲೆ ಬಿದ್ದವರು ಮುಲುಂಡಿನಿಂದ ಬೊರಿವಲಿಯವರೆಗೆ ಕನಿಷ್ಠ ಹನ್ನೊಂದು ಡಾಕ್ಟರರ ಬಳಿ ಹೋಗಿದ್ದಾರೆ. ಒಬ್ಬೊಬ್ಬ ಡಾಕ್ಟರಿಗೂ ಕಂಡದ್ದು ಇಬ್ಬರು, ಮೂವರು. ಚೀಟಿಯಲ್ಲಿ ಗ್ಯಾಸ್ಟ್ರೊ ಎಂದು ಬರೆದು, ಮಾತ್ರೆ, ಓಆರ್‌ಎಸ್ ಪುಡಿ ಕೊಟ್ಟು ಕಳುಹಿಸಿದರು. ನಾನು ವಿಚಾರಿಸಿದ ಮಟ್ಟಿಗೆ ಹನ್ನೊಂದರಲ್ಲಿ ಒಬ್ಬರೂ ಯಾವ ಕಚೇರಿಗೂ ತಿಳಿಸಿಲ್ಲ. ತಿಳಿಸಬೇಕೆಂದು ಅವರಿಗೆ ಯಾರೂ ಹೇಳಿಯೂ ಇಲ್ಲ. ಬೇರೆ ಬೇರೆ ಮೇಜಿನ ಮೇಲೆ ಬಿದ್ದ ಇಬ್ಬರು ಮೂವರನ್ನು ಕೂಡಿಸಿ 37 ಎಂದು ಲೆಕ್ಕ ಹಾಕಿದ್ದು ಸರ್ಕಾರವಲ್ಲ, ಕೂಪನ್ ಪುಸ್ತಕ ಹಿಡಿದ ಒಬ್ಬ ನಿವೃತ್ತ ಮ್ಯಾನೇಜರ್.

ಈ ವಿಷಯಕ್ಕೆ ಕಾನೂನು ಇಲ್ಲವೇ ಎಂದು ಹುಡುಕಿದೆ. ಇದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 35ನೇ ಕಲಮು ಇದಕ್ಕೇ ಇದೆ. ಒಂದು ಪ್ರದೇಶದ ನೋಂದಾಯಿತ ವೈದ್ಯರು ತಮ್ಮ ಗಮನಕ್ಕೆ ಬಂದ ಆಹಾರ ವಿಷಬಾಧೆಯ ಎಲ್ಲ ಪ್ರಕರಣಗಳನ್ನೂ ಗೊತ್ತುಪಡಿಸಿದ ಅಧಿಕಾರಿಗೆ ವರದಿ ಮಾಡಬೇಕೆಂದು ಆಹಾರ ಪ್ರಾಧಿಕಾರ ಅಧಿಸೂಚನೆ ಹೊರಡಿಸಬಹುದು ಎನ್ನುತ್ತದೆ ಅದು. ಹೊರಡಿಸಬಹುದು! ನನ್ನ ಪತ್ರದ ತಕರಾರೆಲ್ಲ ಈ 'ಬಹುದು' ಎಂಬ ಮೂರಕ್ಷರದ ಮೇಲೆ. ಅದರ ಜಾಗದಲ್ಲಿ 'ಬೇಕು' ಎಂಬ ಎರಡಕ್ಷರ ಬರಬೇಕು. ಡಾಕ್ಟರರ ಮೇಲೆ ಕಾಗದದ ಹೊರೆ ಹೇರಬೇಕೆಂದಲ್ಲ. ಎಲ್ಲಿ, ಯಾವಾಗ, ಏನು ತಿಂದರು ಎಂಬ ಮೂರು ಸಾಲು ಮೊಬೈಲಿನಲ್ಲಿ ಹೋದರೆ ಸಾಕು. ಅಂದು ರಾತ್ರಿ ಒಂಬತ್ತಕ್ಕೆ ಹನ್ನೊಂದು ಕಡೆಯಿಂದ ಒಂದೇ ಸಭಾಗೃಹದ ಹೆಸರು ಬಂದಿದ್ದರೆ ಮರುದಿನವೇ ಯಾರಾದರೂ ಆ ಅಡುಗೆ ಕೋಣೆಯ ಬಾಗಿಲು ತಟ್ಟಬಹುದಿತ್ತು.

ಲೆಕ್ಕದಿಂದ ಏನು ಲಾಭ ಎನ್ನುವವರು ಪುಣೆಯನ್ನು ನೋಡಲಿ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಆಸುಪಾಸಿನಿಂದ ಕೈಕಾಲು ಬಲ ಕಳೆದುಕೊಂಡವರು ಒಬ್ಬರ ಹಿಂದೊಬ್ಬರು ಆಸ್ಪತ್ರೆಗೆ ಬಂದರು. ಗಿಲನ್ ಬಾರೆ ಸಿಂಡ್ರೋಮ್, ವಿರಳವಾದ ನರರೋಗ. ಇಷ್ಟು ಜನಕ್ಕೆ ಒಮ್ಮೆಗೇ ಹೇಗೆ ಎಂದು ವೈದ್ಯರಿಗೆ ಅನುಮಾನ ಬಂತು, ಸುದ್ದಿ ಆಡಳಿತಕ್ಕೆ ಮುಟ್ಟಿತು, ಮಾದರಿಗಳು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋದವು. ಹಲವರ ಮಲದಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಸಿಕ್ಕಿತು. ಕಲುಷಿತ ನೀರು, ಆಹಾರದಿಂದ ಹೊಟ್ಟೆ ಸೇರುವ ಸೂಕ್ಷ್ಮಾಣು. ಕೂಡಲೇ ಬಾವಿ, ನಲ್ಲಿ, ಟ್ಯಾಂಕರುಗಳ ತಪಾಸಣೆ ಶುರುವಾಯಿತು. ಪ್ರಕರಣಗಳು ಇನ್ನೂರು ದಾಟಿದವು ನಿಜ. ರೋಗ ಅಷ್ಟು ಭೀಕರವಾಗಿ ಕಣ್ಣಿಗೆ ಕಾಣಿಸಿದ್ದರಿಂದ ಎಣಿಕೆ ನಡೆಯಿತು. ಬರೀ ವಾಂತಿಭೇದಿಯಾಗಿದ್ದರೆ ನಮ್ಮ 37ರಂತೆ ಅದೂ ಚೀಟಿಗಳಲ್ಲೇ ಚದುರಿಹೋಗುತ್ತಿತ್ತು.

ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಕೆಟ್ಟ ಆಹಾರದಿಂದ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜಿಸಿತ್ತು. ನಮ್ಮಂಥವರ ಲೆಕ್ಕವೇ ಸಿಗದ ಮೇಲೆ ಅಂದಾಜಲ್ಲದೆ ಇನ್ನೇನು ಸಿಕ್ಕೀತು?

ದೂರು ಕೊಡಲಿಲ್ಲವೇ ಎಂದರೆ, ಪ್ರಯತ್ನ ಮಾಡಿದೆ. ಸಂಬಂಧಪಟ್ಟ ಕಚೇರಿಯವರು ಸೌಜನ್ಯದಿಂದಲೇ ಕೇಳಿದರು: ಆಹಾರದ ಮಾದರಿ ಇದೆಯೇ? ಇಲ್ಲ. ಬಿಲ್ಲು? ಇತ್ತು, 'ಎಸ್ಟಿಮೇಟ್' ಎಂದು ಬರೆದ ಹರಕು ಚೀಟಿ. 2022ರ ಜನವರಿಯಿಂದ ಆಹಾರ ವ್ಯಾಪಾರಿಯ ಬಿಲ್ಲಿನಲ್ಲಿ 14 ಅಂಕಿಯ ಪರವಾನಗಿ ಸಂಖ್ಯೆ ಇರಲೇಬೇಕು. ಅದರಲ್ಲಿ ಇರಲಿಲ್ಲ, ಮುಂಗಡ ಕೊಡುವಾಗ ನಾನೂ ಕೇಳಿರಲಿಲ್ಲ, ಪರಿಚಯದವರು ತಾನೇ ಎಂದು. ಕೊಂಡ ಆಹಾರವನ್ನು ಗ್ರಾಹಕನೇ ಪರೀಕ್ಷೆಗೆ ಕೊಡಲು ಕಾಯ್ದೆಯ 40ನೇ ಕಲಮಿನಲ್ಲಿ ಅವಕಾಶವಿದೆ, ಆದರೆ ಪರೀಕ್ಷೆ ಮಾಡಿಸುತ್ತೇನೆಂದು ಕೊಳ್ಳುವಾಗಲೇ ಮಾರುವವನಿಗೆ ತಿಳಿಸಬೇಕು. ಎಲೆಯ ಮುಂದೆ ಕುಳಿತವನು ಬಡಿಸುವವನಿಗೆ ಹಾಗೆ ಹೇಳಿದ್ದನ್ನು ನಾನಂತೂ ಕಂಡಿಲ್ಲ.

ಹೀಗಾಗಿ ಎರಡನೆಯ ಬೇಡಿಕೆ. ನೂರಕ್ಕೆ ಮೀರಿ ಜನಕ್ಕೆ ಅಡುಗೆ ಒದಗಿಸುವವರು ಪ್ರತಿ ಪದಾರ್ಥದ ಒಂದು ಸಣ್ಣ ಡಬ್ಬಿಯನ್ನು ಮೂರು ದಿನ ಫ್ರಿಜ್ಜಿನಲ್ಲಿಟ್ಟಿರಬೇಕು, ಪಾತ್ರೆಯ ಮೇಲೆ ಅಡುಗೆಯಾದ ಹೊತ್ತು, ಉಣ್ಣಲು ಕೊನೆಯ ಹೊತ್ತು ಬರೆದ ಚೀಟಿ ಅಂಟಿಸಬೇಕು. ಇದು ಆಗದ ಮಾತಲ್ಲ. ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮಾ ತಿಂದು ಶಾಲಾ ಬಾಲಕಿಯೊಬ್ಬಳು ತೀರಿಕೊಂಡಳು. ಅಂಥ ಸಾವುಗಳ ನಂತರ, 2023ರ ಜನವರಿಯಲ್ಲಿ, ಸಮಯ ನಮೂದಿಸಿದ ಚೀಟಿಯಿಲ್ಲದೆ ಹೋಟೆಲಿನಿಂದ ಪಾರ್ಸೆಲ್ ಕೊಡಕೂಡದೆಂದು ಕೇರಳ ಆದೇಶಿಸಿತು. ಮಹಾರಾಷ್ಟ್ರಕ್ಕೆ ಏನು ಅಡ್ಡಿ?

ಇಲ್ಲಿ ಆಹಾರ ಸುರಕ್ಷತೆ ಎಂದಾಗಲೆಲ್ಲ ಮೊದಲು ಕೈ ಹೋಗುವುದು ಫುಟ್‌ಪಾತಿನವನ ಕೊರಳಿಗೆ. ನನ್ನ ಅನುಭವ ಬೇರೆ. ಕುದಿಯುವ ಎಣ್ಣೆಯಿಂದ ಎದ್ದು ನೇರ ಕೈಗೆ ಬರುವ ವಡೆಯನ್ನು ನಾನು ಎಂಟು ಗಂಟೆ ಕುಳಿತ ಸಭಾಗೃಹದ ಮೊಸರನ್ನಕ್ಕಿಂತ ಹೆಚ್ಚು ನಂಬುತ್ತೇನೆ. ಅವನ ಹಸಿರು ಚಟ್ನಿ, ನೀರು, ಮಂಜುಗಡ್ಡೆಯ ಮೇಲೆ ಕಣ್ಣಿರಲಿ, ಸರಿ. ವಡೆ ಸುತ್ತುವ ಕಾಗದದ ಮೇಲೂ ಇರಲಿ. ಪತ್ರಿಕೆಯ ಹಾಳೆಯಲ್ಲಿ ತಿಂಡಿ ಕಟ್ಟುವುದು 2018ರ ಪ್ಯಾಕೇಜಿಂಗ್ ನಿಯಮಗಳಂತೆ ನಿಷಿದ್ಧ. ಮಸಿ ಆಹಾರಕ್ಕೆ ಇಳಿಯುತ್ತದೆ. ಈ ಪತ್ರ ಅಚ್ಚಾದ ಹಾಳೆಯೂ ನಾಳಿದ್ದು ಯಾವುದೋ ವಡಾಪಾವ್‌ಗೆ ಸುತ್ತಿಕೊಂಡೀತು, ಸಂಪಾದಕರು ಕ್ಷಮಿಸಬೇಕು.

ಮೊನ್ನೆ ಸಂಘದ ಕಾರ್ಯಕಾರಿ ಸಭೆಯಲ್ಲಿ ಮುಂದಿನ ವಾರ್ಷಿಕೋತ್ಸವದ ಮಾತು ಬಂತು. ನಾನು ಎದ್ದು ನಿಂತು, ಮೊಸರನ್ನವನ್ನು ತಣಿದ ಅನ್ನ, ಫ್ರಿಜ್ಜಿನ ಮೊಸರಿನಿಂದ ಸಭಾಗೃಹದಲ್ಲೇ ಕಲಸಬೇಕು, ಹನ್ನೆರಡೂವರೆಗೆ ಎಲೆ ಹಾಕಲೇಬೇಕು ಎಂದೆ. ಆ ಹೊತ್ತಿಗೆ ಸನ್ಮಾನ ಮುಗಿದಿರದಿದ್ದರೆ ಏನು ಮಾಡುವುದು ಎಂದರು ಅಧ್ಯಕ್ಷರು. ಉಂಡು ಬಂದು ಮುಂದುವರಿಸೋಣ, ಶಾಲು ಹಳಸುವುದಿಲ್ಲವಲ್ಲ ಎಂದೆ. ಎಲ್ಲರೂ ನಕ್ಕರು. ಕಾರ್ಯದರ್ಶಿಗಳು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಇತಿ ನಿಮ್ಮ ಓದುಗ,
ನಿವೃತ್ತ ಹೋಟೆಲ್ ಮ್ಯಾನೇಜರ್,
ಮುಲುಂಡ್, ಮುಂಬಯಿ