ಹರಿದ ಬಲೆಗೆ ಕೈಜೋಡಿಸಿದವರಿಗೆ

2023ರಲ್ಲಿ ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಮರುವರ್ಷ ಜುಲೈನಲ್ಲಿ ಭರ್ತಿ ಮಟ್ಟವಾದ 124.80 ಅಡಿಗೆ ಬಂದದ್ದೇ ತಡ, ತಿಂಗಳ ಕೊನೆಗೆ ಹೊರಬಿಟ್ಟ ನೀರು ಲಕ್ಷ ಕ್ಯೂಸೆಕ್ ದಾಟಿತು. ಹಿನ್ನೀರಿನ ಮೀನನ್ನೇ ನಂಬಿದ ಮನೆಗೆ ಎರಡೂ ಪೆಟ್ಟೇ. ನೀರು ಇಳಿದರೆ ಮುಳುಗಿದ್ದ ಮೋಟುಮರ, ಹಳೇ ಗೋಡೆಗಳು ಬಲೆಗೆ ಸಿಕ್ಕಿ ಅದನ್ನು ಹರಿದುಹಾಕುತ್ತವೆ. ಹೊಸ ನೀರು ನುಗ್ಗಿದರೆ ಕೊರಡು, ಅಂತರಗಂಗೆ ಬಲೆಯನ್ನೇ ಸುತ್ತಿಕೊಂಡು ಹೋಗುತ್ತವೆ. ಈಗ ಅಪ್ಪನ ಹರಿಗೋಲನ್ನು ತಮ್ಮ ನಡೆಸುತ್ತಿದ್ದಾನೆ, ಬಲೆಗಳು ಮತ್ತೆ ನೀರಿಗಿಳಿದಿವೆ. ಇದಕ್ಕೆ ಕಾರಣರಾದವರಿಗೆಲ್ಲ ನಮ್ಮ ಮನೆಯ ನಮಸ್ಕಾರ.

ಮೊದಲು ದೊಡ್ಡವ್ವನಿಗೆ. ತೂತು ಕಂಡಲ್ಲಿ ದಾರ ಎಳೆದು ಕಟ್ಟಿದರೆ ಬಲೆ ಸುಕ್ಕುಗಟ್ಟುತ್ತದೆ, ನೀರಿನಲ್ಲಿ ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಆಕೆ ಮೊದಲು ಕತ್ತರಿ ಹಿಡಿದು ತೂತನ್ನು ಇನ್ನಷ್ಟು ದೊಡ್ಡದು ಮಾಡುತ್ತಾಳೆ. ನೋಡುವವರಿಗೆ ಎದೆ ಧಸಕ್ಕೆನ್ನುತ್ತದೆ! ಆದರೆ ಕತ್ತರಿಸಿದ ಅಂಚಿನಲ್ಲಿ ಶುರುವಿಗೊಂದು, ಕೊನೆಗೊಂದು ಗಂಟಿಗೆ ಮಾತ್ರ ಮೂರು ಎಳೆ ಉಳಿಸಿ, ನಡುವಿನವಕ್ಕೆಲ್ಲ ಎರಡೇ ಎಳೆ ಬಿಟ್ಟರೆ ಸೂಜಿಯ ದಾರ ಎಲ್ಲೂ ತುಂಡಾಗದೆ ಕೊನೆ ಮುಟ್ಟುತ್ತದೆ. ಎಳೆದು ಹಿಡಿದಾಗ 4 ಇಂಚು ಬರುವ ಕಣ್ಣಿಗೆ, ಅಂದರೆ ಬಲೆಯ ಕಿಂಡಿಗೆ, ಅಳತೆ ತಪ್ಪದಂತೆ ದಾರ ಸುತ್ತಲು 2 ಇಂಚು ಅಗಲದ ಬಿದಿರು ಪಟ್ಟಿ ಬೇಕು. ಅಜ್ಜಿ ಕಾಲದ ಆ ಪಟ್ಟಿಗಳನ್ನು ದೊಡ್ಡವ್ವ ಈಗ ನಮ್ಮ ನಾದಿನಿಯ ಕೈಗೆ ಕೊಟ್ಟಿದ್ದಾಳೆ. ಗಂಟು ಸಡಿಲವಾದರೆ ಕಣ್ಣು ಜಾರುತ್ತದೆ, ಒಂದು ಕಣ್ಣು ದೊಡ್ಡದಾಗಿ ಪಕ್ಕದ್ದು ಚಿಕ್ಕದಾಗುತ್ತದೆ. ಅದನ್ನು ಬಿಚ್ಚಿಸಿ ಮತ್ತೆ ಹಾಕಿಸಿದ ದೊಡ್ಡವ್ವನ ತಾಳ್ಮೆಗೆ ಬೆಲೆ ಕಟ್ಟಲಾಗದು.

ಬಲೆಯನ್ನು ಹಗ್ಗಕ್ಕೆ ಕೂಡಿಸಿಕೊಟ್ಟ ಮಾವನಿಗೂ ಅಷ್ಟೇ ಋಣಿಗಳು. ಚಾಚಿದರೆ 100 ಮೀಟರ್ ಆಗುವ ಬಲೆಯನ್ನು 50 ಮೀಟರ್ ಹಗ್ಗಕ್ಕೆ ಸಮನಾಗಿ ಕಟ್ಟಿದರು. ಬಿಗಿಯಾಗಿ ಕಟ್ಟಿದ್ದರೆ ಕಟ್ಲಾ ಮೀನು ಬಡಿದು ವಾಪಸ್ಸು ಹೋಗುತ್ತಿತ್ತು. ತೀರಾ ಸಡಿಲ ಬಿಟ್ಟಿದ್ದರೆ ಸುತ್ತಿಕೊಂಡ ಮೀನು ಬಿಡಿಸುವಷ್ಟರಲ್ಲಿ ಬೆಳಗಿನ ವ್ಯಾಪಾರವೇ ಮುಗಿಯುತ್ತಿತ್ತು. ಮೇಲೆ ಬೆಂಡು, ಕೆಳಗೆ ಸೀಸದ ಗುಂಡು ತೂಗಿ ನೋಡಿದವರೂ ಅವರೇ. ನೈಲಾನ್ ಬಲೆ ಬಿಸಿಲಿಗೆ ಪುಡಿಯಾಗುತ್ತದೆ, ನೆರಳಲ್ಲೇ ಒಣಗಿಸಿ ಎಂದು ಅವರು ಬೈದದ್ದಕ್ಕೂ ವಂದನೆ.

ಹರಿಗೋಲಿಗೆ ಹೊಸ ಹಾಳೆ ಹೊದಿಸಿ ಟಾರು ಬಳಿದ ಅಣ್ಣಂದಿರು ಕೂಲಿ ಕೇಳಲೇ ಇಲ್ಲ.

ನಮ್ಮ ಮೀನನ್ನು ಬುಟ್ಟಿಯಲ್ಲಿಟ್ಟು ಮಾರುವ ಅತ್ತೆ, ಸಾಲಕ್ಕೆ ಐಸ್ ಕೊಟ್ಟ ಅಂಗಡಿಯವರು ಇಲ್ಲದಿದ್ದರೆ ಹಿಡಿದದ್ದೂ ಹಾಳೇ. ಬೇಸಿಗೆಯಲ್ಲಿ ಮೀನಿನ ತೂಕದಷ್ಟೇ ಐಸ್ ಬೇಕು, ಅದೂ ಪುಡಿ ಮಾಡಿದ್ದು. ಗಡ್ಡೆ ಹಾಕಿದರೆ ಮೈ ಜಜ್ಜಿ ಹೋಗುತ್ತದೆ, ಕರಗಿದ ನೀರು ಬಸಿಯದೆ ನಿಂತರೆ ಮೀನು ಬೇಗ ವಾಸನೆ ಹೊಡೆಯುತ್ತದೆ. ಅತ್ತೆ ಕಿವಿರು ಎತ್ತಿ ನೋಡಿ ಕೆಂಪಿಲ್ಲದ್ದನ್ನು ಮುಲಾಜಿಲ್ಲದೆ ವಾಪಸ್ಸು ಕಳಿಸುತ್ತಾರೆ. ಗಿರಾಕಿ ಉಳಿದದ್ದು ಅದಕ್ಕೇ.

ಐಸ್ ಬಾಕಿ ಲೆಕ್ಕ ನಮ್ಮ ನೋಟ್‌ಬುಕ್‌ನಲ್ಲಿದೆ. ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಮನೆಗೆ ಬಂದು ಹೇಳಿ, ಮೀನುಸಾರು ಉಂಡೇ ಹೋಗಿ.